ಮೂವತ್ತು-ನಲವತ್ತರ ಸೈಟು ಮತ್ತು ನಲವತ್ತು ಮೀಟರ್ ತರಂಗ: ಹವ್ಯಾಸಿ ರೇಡಿಯೊ ನೆರೆಮನೆಯನ್ನು ಕಾಡುವ ಬಗೆ

ಹವ್ಯಾಸಿ ರೇಡಿಯೊ ಕೇಂದ್ರದ ಬಗ್ಗೆ ನೆರೆಹೊರೆಯ ದೂರು ಹೆಚ್ಚಾಗಿ ಒಂದೇ ಮಾತಿನಿಂದ ಶುರುವಾಗುತ್ತದೆ: 'ನೀವು ಆ ಆಂಟೆನಾ ಹಾಕಿದ ಮೇಲೇ ಸಾರ್, ನಮ್ಮ ಮನೇಲಿ ಹೀಗಾಗ್ತಿರೋದು.' ಈ ಮಾತಿನಲ್ಲಿ ಕಾಲದ ಅನುಕ್ರಮವಿದೆ, ಕಾರಣವಿಲ್ಲ. ಆಂಟೆನಾ ಕಣ್ಣಿಗೆ ಬೀಳುವ ವಸ್ತು, ನೆರೆಮನೆಯ ಸ್ಪೀಕರ್ ವೈರು ಬೀಳದ ವಸ್ತು. ತಪ್ಪು ಮೊದಲನೆಯದರ ತಲೆಗೆ ಕಟ್ಟುವುದು ಸುಲಭ. ಹ್ಯಾಮ್‌ಗಳ (ಹವ್ಯಾಸಿ ರೇಡಿಯೊದವರ) ಸಿದ್ಧ ಉತ್ತರವೂ ಅಷ್ಟೇ ಅರೆಬರೆ: 'ನನ್ನ ಟ್ರಾನ್ಸ್‌ಮಿಟರ್ ಶುದ್ಧವಾಗಿದೆ, ನಿಮ್ಮ ಉಪಕರಣವೇ ಅಗ್ಗದ್ದು.' ಈ ಅಡಚಣೆ ಒಂದು ಯಂತ್ರದ ದೋಷ ಎನ್ನುವುದಕ್ಕಿಂತ ಎರಡು ಯಂತ್ರಗಳ ನಡುವಿನ ಅಂತರದ ಸಮಸ್ಯೆ ಎಂಬುದು ಈ ಲೇಖನದ ವಾದ. ಉಪಕರಣಗಳ ಮಾನದಂಡಗಳು ಊಹಿಸಿಕೊಂಡ ಅಂತರ ನಮ್ಮ ಬಡಾವಣೆಗಳಲ್ಲಿ ಇಲ್ಲವೇ ಇಲ್ಲ.

ಮೊದಲು ನಿವೇಶನದ ಲೆಕ್ಕ. ಬೆಂಗಳೂರಿನಲ್ಲಿ ಎಲ್ಲರಿಗೂ ಪರಿಚಿತವಾದ 30×40 ಅಡಿಯ ಸೈಟಿನ ಕರ್ಣ ಸರಿಯಾಗಿ 50 ಅಡಿ, ಅಂದರೆ 15.2 ಮೀಟರ್. 7 ಮೆಗಾಹರ್ಟ್ಸ್ (ನಲವತ್ತು ಮೀಟರ್) ಪಟ್ಟಿಯ ಅರ್ಧತರಂಗ ಡೈಪೋಲ್‌ನ ಉದ್ದ ಸುಮಾರು 20 ಮೀಟರ್. ಮೂಲೆಯಿಂದ ಮೂಲೆಗೆ ಕಟ್ಟಿದರೂ ಹಿಡಿಸದು. ಹಾಗಾಗಿ ಹವ್ಯಾಸಿಗಳು ನಡುವಿನಲ್ಲಿ ಕಂಬ ನಿಲ್ಲಿಸಿ ಎರಡು ತೋಳುಗಳನ್ನು ಇಳಿಬಿಡುತ್ತಾರೆ. ತಲೆಕೆಳಗಾದ 'ವಿ' ಎಂದು ಇದಕ್ಕೆ ಹೆಸರು. ತೋಳುಗಳ ನಡುವಿನ ಕೋನ 120 ಡಿಗ್ರಿ ಇದ್ದರೆ ತುದಿಯಿಂದ ತುದಿಗೆ 17.3 ಮೀಟರ್, ಆಗಲೂ ಸೈಟು ಸಾಲದು. 90 ಡಿಗ್ರಿಗೆ ಇಳಿಸಿದರೆ 14.1 ಮೀಟರ್, ಅಂತೂ ಹಿಡಿಸುತ್ತದೆ. ಆದರೆ ಆಗ ತುದಿಗಳು ಶಿಖರಕ್ಕಿಂತ 7 ಮೀಟರ್ ಕೆಳಕ್ಕೆ ಬರುತ್ತವೆ. ನೆಲದಿಂದ ಕಂಬದ ತಲೆ 12 ಮೀಟರ್ ಎತ್ತರದಲ್ಲಿದ್ದರೆ ತುದಿಗಳು 5 ಮೀಟರಿನಲ್ಲಿ, ಸರಿಸುಮಾರು ಪಕ್ಕದ ಮನೆಯ ಮೊದಲ ಮಹಡಿಯ ಕಿಟಕಿಯ ಮಟ್ಟದಲ್ಲಿ ನಿಲ್ಲುತ್ತವೆ. ಅರ್ಧತರಂಗ ಆಂಟೆನಾದಲ್ಲಿ ವೋಲ್ಟೇಜು ಅತಿ ಹೆಚ್ಚಿರುವುದು ಈ ತುದಿಗಳಲ್ಲೇ.

ಈಗ ಕ್ಷೇತ್ರದ ತೀವ್ರತೆ. 100 ವ್ಯಾಟ್ ಶಕ್ತಿಯ, ಮುಕ್ತ ಆಕಾಶದಲ್ಲಿರುವ ಡೈಪೋಲ್‌ನಿಂದ ಹತ್ತು ಮೀಟರ್ ದೂರದಲ್ಲಿ ಮೀಟರಿಗೆ ಸುಮಾರು 7 ವೋಲ್ಟ್ ಬರುತ್ತದೆ. ಅದು 3 ವೋಲ್ಟ್‌ಗೆ ಇಳಿಯಬೇಕಾದರೆ 23 ಮೀಟರ್ ದೂರ ಬೇಕು. 400 ವ್ಯಾಟ್ ಆದರೆ 47 ಮೀಟರ್. (7 ಮೆಗಾಹರ್ಟ್ಸ್‌ನಲ್ಲಿ ಹತ್ತು ಮೀಟರ್ ಎಂದರೆ ಇನ್ನೂ ಆಂಟೆನಾದ ಸಮೀಪವಲಯ. ನೆಲ, ಗೋಡೆ, ಕಬ್ಬಿಣದ ಸರಳುಗಳೂ ಲೆಕ್ಕವನ್ನು ಕೆಡಿಸುತ್ತವೆ. ಇವು ಅಂದಾಜುಗಳೇ.) ಮೂರು ವೋಲ್ಟನ್ನು ಇಲ್ಲಿ ಸುಮ್ಮನೆ ಆರಿಸಿಕೊಂಡಿಲ್ಲ. ಮನೆಬಳಕೆಯ ಉಪಕರಣಗಳ ಅಡಚಣೆ-ಪ್ರತಿರೋಧ ಪರೀಕ್ಷೆಗಳು ಸುತ್ತುವುದು ಈ ಸಂಖ್ಯೆಯ ಸುತ್ತಲೇ. 80 ಮೆಗಾಹರ್ಟ್ಸ್‌ಗಿಂತ ಮೇಲೆ ಮೀಟರಿಗೆ 3 ವೋಲ್ಟ್‌ನ ಕ್ಷೇತ್ರದಲ್ಲಿ ಉಪಕರಣವನ್ನು ಇಟ್ಟು ನೋಡುತ್ತಾರೆ. ಅದಕ್ಕಿಂತ ಕೆಳಗೆ, ಅಂದರೆ ಹ್ಯಾಮ್‌ಗಳ ಶಾರ್ಟ್‌ವೇವ್ ಪಟ್ಟಿಗಳಿರುವ ಕಡೆ, ಅದರ ಕೇಬಲ್ಲಿಗೇ ವೋಲ್ಟೇಜು ತೂರಿಸಿ ನೋಡುತ್ತಾರೆ. ಮಲ್ಟಿಮೀಡಿಯಾ ಉಪಕರಣಗಳ ಸಿಸ್ಪರ್ 35 ಮಾನದಂಡದಲ್ಲಿ ಇದು 10 ಮೆಗಾಹರ್ಟ್ಸ್‌ವರೆಗೆ 3 ವೋಲ್ಟ್, ಅಲ್ಲಿಂದ 30ಕ್ಕೆ ಹೋಗುವಷ್ಟರಲ್ಲಿ 1 ವೋಲ್ಟ್‌ಗೆ ಇಳಿಯುತ್ತದೆ. ಹ್ಯಾಮ್‌ಗಳ 14, 21, 28 ಮೆಗಾಹರ್ಟ್ಸ್ ಪಟ್ಟಿಗಳು ಬೀಳುವುದು ಈ ಇಳಿಜಾರಿನ ಮೇಲೆಯೇ. ಪರೀಕ್ಷೆಯಲ್ಲಿ ಪಾಸಾದ ಟಿವಿ, ಎರಡೂವರೆ ಸೈಟಿನ ಒಳಗೆ ಇದ್ದರೆ, ತಪ್ಪಿಲ್ಲದೆಯೂ ಸೋಲಬಹುದು. ಟ್ರಾನ್ಸ್‌ಮಿಟರ್ ಸಹ ತಪ್ಪಿಲ್ಲದೆಯೇ ಸೋಲಿಸಬಹುದು.

ಈ 'ಎರಡೂ ಕಡೆ ತಪ್ಪಿಲ್ಲ' ಎಂಬ ಸ್ಥಿತಿ ಹೊಸದಲ್ಲ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಟಿವಿ ಮನೆಮನೆಗೆ ಬಂದಾಗ ಹ್ಯಾಮ್‌ಗಳ ಮೇಲೆ ದೂರುಗಳ ಮಳೆಯೇ ಸುರಿಯಿತು. ಅದರಲ್ಲಿ ಒಂದು ಪಾಲಿಗೆ ಹ್ಯಾಮ್‌ಗಳೇ ಹೊಣೆ. 28 ಮೆಗಾಹರ್ಟ್ಸ್‌ನ ಎರಡನೆಯ ಹಾರ್ಮೋನಿಕ್ಕೂ (ದುಪ್ಪಟ್ಟು ಆವೃತ್ತಿ) 14ರ ನಾಲ್ಕನೆಯದೂ ಬೀಳುತ್ತಿದ್ದುದು ಅಲ್ಲಿನ ಎರಡನೇ ಚಾನೆಲ್ಲಿನ 54–60 ಮೆಗಾಹರ್ಟ್ಸ್ ಒಳಗೆ. ಟ್ರಾನ್ಸ್‌ಮಿಟರ್‌ಗೆ ಲೋಹದ ಕವಚ ಹಾಕಿ, ಔಟ್‌ಪುಟ್‌ಗೆ ಲೋ-ಪಾಸ್ ಫಿಲ್ಟರ್ ಜೋಡಿಸಿ ಅವರು ಅದನ್ನು ಸರಿಪಡಿಸಿಕೊಂಡರು. ಇನ್ನೊಂದು ಪಾಲು ಬೇರೆ ಬಗೆಯದು. 1946ರಲ್ಲಿ ಬಂದ ಆರ್‌ಸಿಎ 630ಟಿಎಸ್‌ನಂಥ ಸೆಟ್‌ಗಳು ಒಳಗೆ ಧ್ವನಿಯನ್ನು 21.25 ಮೆಗಾಹರ್ಟ್ಸ್‌ಗೆ ಇಳಿಸಿಕೊಂಡು ಸಂಸ್ಕರಿಸುತ್ತಿದ್ದವು. 1952ರಲ್ಲಿ 21 ಮೆಗಾಹರ್ಟ್ಸ್ ಪಟ್ಟಿ ಹ್ಯಾಮ್‌ಗಳಿಗೆ ತೆರೆಯಿತು. ಅವರು ಎಷ್ಟೇ ಶುದ್ಧವಾಗಿ ಪ್ರಸಾರ ಮಾಡಿದರೂ ಮೂಲ ತರಂಗವೇ ಸೆಟ್ಟಿನ ಹೊಟ್ಟೆಗೆ ನೇರ ಹೋಗುತ್ತಿತ್ತು. ಹ್ಯಾಮ್ ಎಷ್ಟು ಫಿಲ್ಟರ್ ಹಾಕಿದರೂ ಇದಕ್ಕೆ ಮದ್ದಿಲ್ಲ. ತಯಾರಕರು ಆ ಒಳ ಆವೃತ್ತಿಯನ್ನು 40ರ ಮೇಲಕ್ಕೆ ಒಯ್ದಾಗಲೇ ಅದು ನೀಗಿದ್ದು.

ಅಮೆರಿಕದ ನಿಯಮದಲ್ಲಿ ಈ ಗೊಂದಲದ ಗುರುತು ಇಂದಿಗೂ ಇದೆ. ಹ್ಯಾಮ್ ಕೇಂದ್ರವೊಂದು ಮನೆಗಳ ಪ್ರಸಾರ ಗ್ರಹಣಕ್ಕೆ ವ್ಯಾಪಕವಾಗಿ ತೊಂದರೆ ಕೊಟ್ಟರೆ ರಾತ್ರಿ 8ರಿಂದ 10.30ರವರೆಗೆ, ಭಾನುವಾರ ಇನ್ನೂ ಬೆಳಗ್ಗೆ 10.30ರಿಂದ ಮಧ್ಯಾಹ್ನ 1ರವರೆಗೆ, ಆ ಆವೃತ್ತಿಗಳಲ್ಲಿ ಸುಮ್ಮನಿರಬೇಕು. ಆದರೆ ತೊಂದರೆಗೊಳಗಾದ ರಿಸೀವರ್‌ನ ವಿನ್ಯಾಸ ಉತ್ತಮ ಮಟ್ಟದ್ದಾಗಿದ್ದರೆ ಮಾತ್ರ. ಇಡೀ ವ್ಯಾಜ್ಯ ನಿಂತಿರುವುದು ಆ ಷರತ್ತಿನ ಮೇಲೆ. 'ಉತ್ತಮ' ಎಂದರೆ ಎಷ್ಟು ಎಂದು ನಿಗದಿ ಮಾಡುವ ಅಧಿಕಾರವನ್ನು ಅಮೆರಿಕದ ಸಂಸತ್ತು ಅಲ್ಲಿನ ಸಂವಹನ ಆಯೋಗಕ್ಕೆ ಕೊಟ್ಟದ್ದು 1982ರಲ್ಲಿ. ಭಾರತದಲ್ಲಿ ಹ್ಯಾಮ್ ಪರವಾನಗಿ ದೂರಸಂಪರ್ಕ ಇಲಾಖೆಯ ಕೈಯಲ್ಲಿದೆ. ತರಂಗಗಳ ಮೇಲ್ವಿಚಾರಣೆಗೆ 1952ರಿಂದ ಪ್ರತ್ಯೇಕ ಸಂಸ್ಥೆಯೇ ಇದೆ. ಆದರೂ ಪಕ್ಕದ ಮನೆಯ ಹೋಂ ಥಿಯೇಟರ್ ಗೊರಗೊರ ಅನ್ನುವ ಪ್ರಶ್ನೆ ಇತ್ಯರ್ಥವಾಗುವುದು ಕಾಂಪೌಂಡ್ ಗೋಡೆಯ ಎರಡೂ ಬದಿ ನಿಂತು ಮಾತಾಡಿಯೇ.

ಆ ಗೊರಗೊರದ ಹುಟ್ಟನ್ನು ಸ್ವಲ್ಪ ಬಿಡಿಸಿ ನೋಡಬೇಕು. ಐದು ಮೀಟರ್ ಉದ್ದದ ಸ್ಪೀಕರ್ ವೈರು 14 ಮೆಗಾಹರ್ಟ್ಸ್‌ಗೆ ಕಾಲು ತರಂಗ. ಯಾರೂ ಕಟ್ಟದೆಯೇ ಅದು ಒಳ್ಳೆಯ ಆಂಟೆನಾ ಆಗಿಬಿಡುತ್ತದೆ. ಅದರಲ್ಲಿ ಹರಿಯುವ ರೇಡಿಯೊ ವಿದ್ಯುತ್ತು ಆಂಪ್ಲಿಫೈಯರ್ ಒಳಗಿನ ಅರೆವಾಹಕ ಸಂಧಿಯನ್ನು ತಲುಪುತ್ತದೆ. ಹಳೆಯ ಕ್ರಿಸ್ಟಲ್ ಸೆಟ್‌ನ ಹರಳು ಮಾಡುತ್ತಿದ್ದ ಕೆಲಸವನ್ನೇ ಆ ಸಂಧಿ ಮಾಡುತ್ತದೆ: ತರಂಗವನ್ನು ಏಕಮುಖಗೊಳಿಸಿ ಅದರ ಏರಿಳಿತವನ್ನು ಧ್ವನಿಯಾಗಿ ಬಿಡುತ್ತದೆ. ಹ್ಯಾಮ್‌ಗಳು ಬಳಸುವ ಏಕ-ಪಾರ್ಶ್ವಪಟ್ಟಿ ವಿಧಾನದಲ್ಲಿ ವಾಹಕ ತರಂಗವೇ ಇರದ ಕಾರಣ ಮಾತು ಅರ್ಥವಾಗದು, ಬಾತುಕೋಳಿ ಒದರಿದಂತೆ ಕೇಳುತ್ತದೆ. ಯಾರ ಮಾತೆಂದೂ ತಿಳಿಯದ್ದು ನೆರೆಯವರನ್ನು ಇನ್ನಷ್ಟು ಕೆರಳಿಸುತ್ತದೆ ಎಂಬುದು ನನ್ನ ಅನಿಸಿಕೆ.

ಈ ಏಕಮುಖೀಕರಣ ಹೆಚ್ಚಾಗಿ ವರ್ಗನಿಯಮವನ್ನು ಅನುಸರಿಸುತ್ತದೆ. ಹೊಮ್ಮುವ ಧ್ವನಿಯ ವೋಲ್ಟೇಜು ರೇಡಿಯೊ ಶಕ್ತಿಗೆ ಅನುಪಾತವಾಗಿರುತ್ತದೆ. ಇದರಿಂದ ಹ್ಯಾಮ್‌ಗಳೇ ಸಾಮಾನ್ಯವಾಗಿ ಗಮನಿಸದ ಒಂದು ಲಾಭವಿದೆ. ಶಕ್ತಿಯನ್ನು 100ರಿಂದ 25 ವ್ಯಾಟ್‌ಗೆ ಇಳಿಸಿದರೆ ಸಾವಿರ ಕಿಲೋಮೀಟರ್ ಆಚೆಯ ಕೇಳುಗನಿಗೆ 6 ಡೆಸಿಬಲ್ ನಷ್ಟ, ಸಂಕೇತದ ಬಲ ತೋರಿಸುವ ಅವನ ಎಸ್-ಮೀಟರ್‌ನಲ್ಲಿ ಒಂದೇ ಒಂದು ಅಂಕ. ನೆರೆಮನೆಯ ಸ್ಪೀಕರಿನಲ್ಲಿ ಸದ್ದು 12 ಡೆಸಿಬಲ್ ತಗ್ಗುತ್ತದೆ.

ಉಳಿದ ಚಿಕಿತ್ಸೆ ವೈರಿನ ಮೇಲೆಯೇ. ಫೆರೈಟ್ ಉಂಗುರಕ್ಕೆ ವೈರನ್ನು ಸುತ್ತಿದರೆ ತಡೆ ಸುತ್ತುಗಳ ವರ್ಗದಂತೆ ಏರುತ್ತದೆ. ಐದು ಸುತ್ತಿಗೆ ಸುಮಾರು ಇಪ್ಪತ್ತೈದು ಪಟ್ಟು, ಅದೂ ಒಂದು ಮಿತಿಯವರೆಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ, ಹಳೆಯ ಮಾನಿಟರ್ ಕೇಬಲ್ಲಿನಿಂದ ಕಿತ್ತ ಉಬ್ಬುಮಣಿಗಳನ್ನು ಸಿಕ್ಕಿಸಿ 'ಏನೂ ಉಪಯೋಗವಿಲ್ಲ' ಎನ್ನುವವರು ಬಹಳ. ಆ ಮಣಿಗಳು ಬಹುಪಾಲು ಇನ್ನೂ ಮೇಲಿನ ಆವೃತ್ತಿಗಳಿಗೆ ಮಾಡಿದವು, ಮೇಲಾಗಿ ಒಂದೇ ಸುತ್ತು. 7 ಮೆಗಾಹರ್ಟ್ಸ್‌ನಲ್ಲಿ ಅವು ಅಲಂಕಾರವಷ್ಟೇ. ಮ್ಯಾಂಗನೀಸ್-ಸತುವಿನ 31ನೇ ನಮೂನೆಯಂಥ ದೊಡ್ಡ ಉಂಗುರ ಬೇಕು. ನೆರೆಯವರ ಉಪಕರಣದ ಮುಚ್ಚಳವನ್ನು ಮಾತ್ರ ಹ್ಯಾಮ್ ತೆಗೆಯಬಾರದು. ನಾಳೆ ಅದರಲ್ಲಿ ಏನೇ ಕೆಟ್ಟರೂ ಇವನ ಹೆಸರೇ ಬರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ದೂರಿನ ದಿಕ್ಕು ತಿರುಗಿದೆ. ಎಲ್‌ಇಡಿ ದೀಪದ ಡ್ರೈವರ್, ಮೊಬೈಲ್ ಚಾರ್ಜರ್, ಸೌರ ಇನ್ವರ್ಟರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇವೆಲ್ಲ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಕಡಿದು ಜೋಡಿಸುವ ಯಂತ್ರಗಳು. ಆ ಕಡಿತದ ಕಸ ಶಾರ್ಟ್‌ವೇವ್ ಪಟ್ಟಿಯ ತುಂಬ ಚೆಲ್ಲುತ್ತದೆ. ಈಗ ಹ್ಯಾಮ್ ದೂರುದಾರ, ನೆರೆಮನೆ ಪ್ರಸಾರ ಕೇಂದ್ರ. ಅಂತರವೂ ಅದೇ, ವೈರುಗಳೂ ಅವೇ. ಮೊದಲು ತಡೆಯಾಗಿ ನಿಂತ ಫೆರೈಟ್ ಉಂಗುರ ಈಗಲೂ ಅದೇ ವೈರಿನ ಮೇಲೆ, ವಿರುದ್ಧ ದಿಕ್ಕಿನ ಹರಿವಿಗೆ, ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಪಕ್ಕದ ಮನೆಯ ಕರೆಗಂಟೆ ಒತ್ತುವ ಮೊದಲು ಅನುಭವಿ ಹವ್ಯಾಸಿಗಳು ಒಂದು ಕೆಲಸ ಮಾಡುತ್ತಾರೆ. ರಿಸೀವರನ್ನು ಬ್ಯಾಟರಿಗೆ ಜೋಡಿಸಿ, ತಮ್ಮ ಮನೆಯ ಮೇನ್ ಸ್ವಿಚ್ ಆರಿಸಿ, ಯುಪಿಎಸ್ಸನ್ನೂ ಮರೆಯದೆ ಆರಿಸಿ, ಕಿವಿಗೊಟ್ಟು ಕೂರುತ್ತಾರೆ. ಎಷ್ಟೋ ಸಲ ಗದ್ದಲ ಅಲ್ಲಿಯೇ ನಿಂತುಹೋಗುತ್ತದೆ. ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಹಾಕುತ್ತ ಹೋದರೆ ಅದು ಅಡುಗೆಮನೆಯ ದೀಪದ್ದೋ ದೇವರಮನೆಯ ಸೀರಿಯಲ್ ಸೆಟ್ಟಿನದೋ ಎಂಬುದು ಗೊತ್ತಾಗುತ್ತದೆ.