ಗಾಡಿ ಅಂದರೆ ಯಾವುದು?

ಗುಜರಾತಿ ಭಾಷೆಯಲ್ಲಿ ರೈಲಿಗೆ ಇರುವ ಹಳೆಯ ಹೆಸರು ‘ಆಗ್‌ಗಾಡಿ’, ಬೆಂಕಿಯ ಬಂಡಿ. ಕನ್ನಡದ ಹೊಗೆಬಂಡಿ, ಉಗಿಬಂಡಿಗಳ ಹಾಗೆಯೇ. ಆಡುಮಾತಿನಲ್ಲಿ ‘ಆಗ್’ ಉದುರಿ ‘ಗಾಡಿ’ ಮಾತ್ರ ಉಳಿಯಿತು. ಸೂರತ್‌ನ ಅಜ್ಜ ಗಾಡಿ ಎಷ್ಟು ಗಂಟೆಗೆ ಎಂದು ಕೇಳಿದರೆ ಅದು ರೈಲು. ಮೊಮ್ಮಗ ಗಾಡಿ ತೆಗೆಯುತ್ತೇನೆ ಎಂದರೆ ಅದು ಕಾರು. ಒಂದು ಪದದ ಮೇಲೆ ಎರಡು ವಾಹನಗಳ ಹಕ್ಕು. ಈ ಪೈಪೋಟಿಯ ಚರಿತ್ರೆಯನ್ನು ಸೂರತ್‌ನ ಅಡಾಜಣ್ ಬಡಾವಣೆಯಿಂದ ನೋಡುವುದು ಒಳ್ಳೆಯದು. ತಾಪಿ ನದಿಯ ಪಶ್ಚಿಮ ದಡದ ಈ ಬಡಾವಣೆಗೂ ಪೂರ್ವ ದಡದ ಸೂರತ್ ಸ್ಟೇಷನ್ನಿಗೂ ನಡುವೆ ಹೊಳೆಯಿದೆ.

ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಕಂಪನಿ ಹುಟ್ಟಿದ್ದು 1855ರಲ್ಲಿ. ಅದರ ಮೊದಲ ಹಳಿ 1860ರಲ್ಲಿ ಅಂಕಲೇಶ್ವರದಿಂದ ಉತ್ರಾಣ್‌ವರೆಗೆ ಬಂತು, ಸುಮಾರು 29 ಮೈಲಿ. ಉತ್ರಾಣ್ ಇರುವುದು ತಾಪಿಯ ಆಚೆ ದಡದಲ್ಲಿ, ಅಂದರೆ ಅಡಾಜಣ್ ಇರುವ ಮಗ್ಗುಲಲ್ಲೇ. ರೈಲು ಊರಿನ ಹೊಸ್ತಿಲವರೆಗೆ ಬಂದು ನದಿಯ ಮುಂದೆ ನಿಂತಿತ್ತು. ಸೇತುವೆ ಆದ ಮೇಲೆ ಅದು ಸೂರತ್ ಪೇಟೆಯ ಪಾಲಾಯಿತು. 1861ರಲ್ಲಿ ಬರೋಡಾ, 1863ರಲ್ಲಿ ಅಹಮದಾಬಾದ್, 1864ರಲ್ಲಿ ಬೊಂಬಾಯಿ: ನಾಲ್ಕೇ ವರ್ಷಗಳಲ್ಲಿ ಈ ಊರುಗಳು ಒಂದೇ ದಾರದಲ್ಲಿ ಪೋಣಿಸಿಕೊಂಡವು. ಅಡಾಜಣ್ ಮತ್ತು ರಾಂದೇರ್‌ನವರನ್ನು ಪೇಟೆಗೆ ದಾಟಿಸುವ ಹೋಪ್ ಸೇತುವೆ ತಯಾರಾದದ್ದು ಮಾತ್ರ 1877ರಲ್ಲಿ.

ಭರೂಚ್‌ನ ನರ್ಮದೆಯ ಕಥೆಯೂ ಹೀಗೆಯೇ. ರೈಲಿಗೆಂದು ಕಟ್ಟಿದ ಮೊದಲ ಸೇತುವೆ ಪ್ರವಾಹದ ಹೊಡೆತ ತಿಂದಿತು. 1881ರಲ್ಲಿ ಗಟ್ಟಿಯಾದ ಇನ್ನೊಂದು ಎದ್ದಿತು. ಜನ ಅದನ್ನು ಗೋಲ್ಡನ್ ಬ್ರಿಜ್ ಎನ್ನುತ್ತಾರೆ. 1935ರಲ್ಲಿ ರೈಲಿಗೆ ಹೊಸ ಸೇತುವೆ ಬಂತು, ಹಳೆಯದು ಆಮೇಲೆ ರಸ್ತೆಯ ವಾಹನಗಳ ಪಾಲಿಗೆ ಉಳಿಯಿತು. ಅಣ್ಣ ತೊಟ್ಟು ಬಿಟ್ಟ ಅಂಗಿ ತಮ್ಮನಿಗೆ ಸಿಕ್ಕ ಹಾಗೆ. ಹೆದ್ದಾರಿಗೆ ಬೇರೆ ಸೇತುವೆ ಆದ ಮೇಲೂ ಭರೂಚ್ ಎಂದರೆ ಲಾರಿಗಳ ಹಿಂದೆ ಗಂಟೆಗಟ್ಟಲೆ ಕಾಯುವ ಜಾಗ ಎಂಬ ಹೆಸರು ಬಹಳ ಕಾಲ ಉಳಿಯಿತು. ಅದು ಸಡಿಲಗೊಂಡದ್ದು 2017ರಲ್ಲಿ, ಕೇಬಲ್ ಸೇತುವೆ ತೆರೆದ ಮೇಲೆ. ಅಹಮದಾಬಾದ್ ಮತ್ತು ವಡೋದರಾ ನಡುವಿನ 93 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ ಅದಕ್ಕೂ ಮೊದಲೇ ಬಂದಿತ್ತು. ಹೀಗೆ ಕಾರಿಗೆ ಸರಿಯಾದ ದಾರಿ ಸಿಕ್ಕಿದ್ದೇ ಇತ್ತೀಚೆಗೆ. ಸಿಕ್ಕ ಮೇಲೆ ಅದರ ಲಾಭಗಳು ಸುಳ್ಳಲ್ಲ: ಮನೆ ಬಾಗಿಲಿನಿಂದ ಹೊರಡಬಹುದು, ವಯಸ್ಸಾದವರನ್ನೂ ಲಗೇಜನ್ನೂ ಮೆಟ್ಟಿಲು ಹತ್ತಿಸಬೇಕಿಲ್ಲ, ಮದುವೆ ಮನೆಯಿಂದ ಮಧ್ಯರಾತ್ರಿಯಲ್ಲೂ ಹಿಂತಿರುಗಬಹುದು.

ಆದರೂ ಬೆಳಿಗ್ಗೆ ಸೂರತ್ ಸ್ಟೇಷನ್ ತುಂಬಿಯೇ ಇರುತ್ತದೆ. ಕಾರಣ ಇನ್ನೊಂದು ಗುಜರಾತಿ ಮಾತಿನಲ್ಲಿದೆ: ‘ಅಪ್‌ಡೌನ್ ಕರವುಂ’. ರೈಲ್ವೆಯವರು ದಿಕ್ಕು ಹೇಳಲು ಬಳಸುವ ಎರಡು ಶಬ್ದಗಳು ಸೇರಿ ಒಂದು ಕ್ರಿಯಾಪದವಾಗಿವೆ. ಒಂದೂರಲ್ಲಿ ಮನೆ, ಇನ್ನೊಂದೂರಲ್ಲಿ ಕೆಲಸ ಎಂದು ಅರ್ಥ. ಮಂಡ್ಯದಿಂದ ಬೆಂಗಳೂರಿಗೆ ‘ಅಪ್ ಅಂಡ್ ಡೌನ್’ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿಂಗಳ ಪಾಸು ಇಲ್ಲದಿದ್ದರೆ ಈ ಬದುಕೇ ಇಲ್ಲ. ದಿನಾ ಕಾರಿನಲ್ಲಿ ಹೋಗಿ ಬಂದರೆ ಸಂಬಳ ಪೆಟ್ರೋಲಿಗೂ ಟೋಲಿಗೂ ಹೋಗುತ್ತದೆ. ಹಣಕ್ಕಿಂತ ದೊಡ್ಡದು ಸಮಯ. ಸ್ಟಿಯರಿಂಗ್ ಹಿಡಿದವನ ಎರಡು ಗಂಟೆ ಪೂರ್ತಿ ರಸ್ತೆಗೆ ಸಲ್ಲುತ್ತದೆ. ರೈಲಿನಲ್ಲಿ ಕೂತವನ ಎರಡು ಗಂಟೆ ಅವನದೇ: ನಿದ್ದೆ, ಇಸ್ಪೀಟು, ಪರೀಕ್ಷೆಗೆ ಓದು, ಡಬ್ಬಿಯ ಠೇಪ್ಲಾ.

ಈ ಬದುಕಿನ ದೊಡ್ಡ ಗುರುತು ಫ್ಲೈಯಿಂಗ್ ರಾಣಿ. 1906ರಲ್ಲಿ ಶುರುವಾಗಿ, ಎರಡು ಮಹಾಯುದ್ಧಗಳ ಕಾಲದಲ್ಲಿ ನಿಂತು, 1950ರಲ್ಲಿ ಮತ್ತೆ ಹೊರಟ ಗಾಡಿ. ಬೆಳಿಗ್ಗೆ ಸೂರತ್‌ನಿಂದ ಮುಂಬೈಗೆ, ಸಂಜೆ ವಾಪಸು. 1979ರಲ್ಲಿ ಅದಕ್ಕೆ ಡಬಲ್ ಡೆಕರ್ ಬೋಗಿಗಳು ಸೇರಿದವು. 2023ರಲ್ಲಿ ಅವನ್ನು ತೆಗೆದು ಹೊಸ ಎಲ್‌ಎಚ್‌ಬಿ ಬೋಗಿಗಳನ್ನು ಹಾಕಿದರು. ಹೊಸವು ಹೆಚ್ಚು ಸುರಕ್ಷಿತ. ಆದರೆ ನಾಲ್ಕು ದಶಕ ಮೇಲೂ ಕೆಳಗೂ ಕೂತು ಹೋದವರು ಕಳೆದುಕೊಂಡದ್ದನ್ನು ಬೋಗಿಯ ಲೆಕ್ಕದಲ್ಲಿ ಹೇಳಲಾಗದು. ವರ್ಷಗಟ್ಟಲೆ ಒಂದೇ ಮೂಲೆಯಲ್ಲಿ ಎದುರುಬದುರು ಕೂತವರ ನೆರೆಹೊರೆ ಅದು. ಕಾರಿಗೆ ಅಂಥ ನೆರೆಹೊರೆ ಇರುವುದಿಲ್ಲ.

ಈಗ ಮೂರನೆಯ ಗಾಡಿ ಬರುತ್ತಿದೆ. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ 2017ರಲ್ಲಿ ಅಡಿಗಲ್ಲು ಬಿತ್ತು: 508 ಕಿಲೋಮೀಟರ್, 12 ನಿಲ್ದಾಣ. ವಡೋದರಾದಲ್ಲಿ ಅದು ಹಳೆಯ ಸ್ಟೇಷನ್ನಿನ ಬಳಿಯೇ ನಿಲ್ಲುತ್ತದೆ. ಸೂರತ್‌ನ ನಿಲ್ದಾಣ ಮಾತ್ರ ಊರಾಚೆ ಅಂತ್ರೋಲಿಯಲ್ಲಿದೆ, ಅಡಾಜಣ್‌ಗೆ ಊರಿನ ಇನ್ನೊಂದು ಕೊನೆ. ಅತಿ ವೇಗದ ರೈಲು ಹತ್ತಲು ಅಡಾಜಣ್‌ನವರು ಮೊದಲು ತಾಪಿ ದಾಟಬೇಕು, ಇಡೀ ಊರು ದಾಟಬೇಕು. ಬಹಳ ಮಂದಿ ಅದನ್ನು ಕಾರಿನಲ್ಲೇ ದಾಟುತ್ತಾರೆ. ಒಮ್ಮೆ ಕಾರಿನಲ್ಲಿ ಕೂತ ಮೇಲೆ ಹೆದ್ದಾರಿ ಹಿಡಿಯುವುದು ಎಷ್ಟು ಹೊತ್ತಿನ ಮಾತು?

ರೈಲಿನ ಆಕರ್ಷಣೆ ಕಿಟಕಿಯಲ್ಲಿದೆ, ವೇಗದಲ್ಲಿದೆ ಎನ್ನುವುದುಂಟು. ಈ ದಡದ ಚರಿತ್ರೆ ಹೇಳುವುದು ಬೇರೆ. ಸ್ಟೇಷನ್ ಕೈಗೆಟುಕಬೇಕು, ಪಾಸು ಜೇಬಿಗೆಟುಕಬೇಕು. ಇವೆರಡೂ ಇದ್ದಷ್ಟು ದಿನ ‘ಗಾಡಿ’ ಎಂಬ ಪದದ ಮೇಲೆ ರೈಲಿನ ಹಕ್ಕೂ ಇರುತ್ತದೆ.