ಗುಂಡಿ ಮುಚ್ಚಿದವರು ಯಾರು? ಯುದ್ಧಭೂಮಿಯಲ್ಲಿ ನಡೆದ ಒಂದು ಸೈಕಲ್ ರೇಸ್‌ನ ಕಥೆ

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ಅಡುಗೆ ಮಾಡ್ತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಪ್ರಶ್ನೆ ಸ್ವಲ್ಪ ಕಿರಿಕಿರಿ ಮಾಡುವಂಥದ್ದು. ಲಕ್ಷಾಂತರ ಜನ ಸತ್ತ ಜಾಗದಲ್ಲಿ ಮಜಾ ಮಾಡ್ಕೊಂಡು ಸೈಕಲ್ ಹೊಡೆಯೋದು ಸರಿನಾ?

ಪ್ರಶ್ನೆ ಸುಮ್ಮನೆ ಬಂದಿದ್ದಲ್ಲ. ಗ್ರಾವೆಲ್ ಸೈಕ್ಲಿಂಗ್ ಈಗ ಜೋರಾಗಿದೆ. ಡಾಂಬರು ಬಿಟ್ಟು ಜಲ್ಲಿ, ಮಣ್ಣು, ಹೊಲದ ಬದಿಯ ದಾರಿಗಳಲ್ಲಿ ಅಗಲ ಟೈರಿನ ಸೈಕಲ್ ಓಡಿಸೋದು. ಯುರೋಪಿನಲ್ಲಿ ಇದಕ್ಕೆ ಇಷ್ಟವಾದ ಜಾಗಗಳಲ್ಲೊಂದು ಬೆಲ್ಜಿಯಂನ ಪಶ್ಚಿಮ ಫ್ಲಾಂಡರ್ಸ್. ಈಪ್ರ್ ಅನ್ನೋ ಊರಿನ ದಕ್ಷಿಣಕ್ಕೆ ಏರಿಳಿತದ ಹಸಿರು ಹೊಲಗಳು, ಸಣ್ಣ ಸಣ್ಣ ದಿಬ್ಬಗಳು. ಪ್ರತಿ ತಿರುವಿನಲ್ಲೂ ಬಿಳಿ ಕಲ್ಲುಗಳ ಒಂದು ಸ್ಮಶಾನ. ಮೊದಲನೇ ಮಹಾಯುದ್ಧದಲ್ಲಿ 1914ರಿಂದ 1918ರವರೆಗೆ ಸೇನೆಗಳು ಎದುರುಬದುರು ಕಂದಕ ತೋಡಿ ಕೂತಿದ್ದು ಇಲ್ಲೇ.

ಆ ದಿಬ್ಬಗಳ ಎತ್ತರ ಕೇಳಿದ್ರೆ ನಗ್ತೀರ. ಅಲ್ಲಿನ ಪ್ರಸಿದ್ಧ ಕೆಮ್ಮೆಲ್‌ಬರ್ಗ್ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 156 ಮೀಟರ್. ಭಾನುವಾರ ಬೆಳಗ್ಗೆ ನಂದಿ ಬೆಟ್ಟ ಹತ್ತೋ ನಮ್ಮ ಬೆಂಗಳೂರಿನ ಸೈಕ್ಲಿಸ್ಟ್‌ಗಳಿಗೆ ಅದು ರೋಡ್ ಹಂಪ್ ಥರ ಕಾಣಬಹುದು. ಅಷ್ಟು ಚಿಕ್ಕ ಗುಡ್ಡಕ್ಕೆ ಯಾಕೆ ಅಷ್ಟೊಂದು ರಕ್ತ? ಕಾರಣ ಸರಳ. ಸುತ್ತಮುತ್ತ ಎಲ್ಲ ಚಪ್ಪಟೆ. ಇಪ್ಪತ್ತು ಮೀಟರ್ ಮೇಲಿದ್ದರೂ ಶತ್ರುವಿನ ಫಿರಂಗಿ, ಗಾಡಿ, ಊಟ ತರೋ ದಾರಿ ಎಲ್ಲ ಕಾಣುತ್ತೆ. ಇನ್ನೊಂದು ಕಾರಣ ನೀರು. ಕೆಳಗಡೆ ಜೇಡಿಮಣ್ಣು, ಸ್ವಲ್ಪ ಅಗೆದರೂ ನೀರು ಬರುತ್ತೆ. ಮೇಲಿದ್ದವರ ಕಂದಕ ಒಣಗಿರುತ್ತೆ, ಕೆಳಗಿದ್ದವರು ವಾರಗಟ್ಟಲೆ ಕೆಸರಲ್ಲಿ ನಿಲ್ಲಬೇಕು.

ಹಾಗಾಗಿ ನೆಲದ ಮೇಲೆ ಆಗದ್ದನ್ನ ನೆಲದ ಕೆಳಗಿಂದ ಮಾಡಿದರು. ಬ್ರಿಟಿಷ್ ಸೇನೆ ಮೆಸೀನ್ ದಿಬ್ಬದ ಕೆಳಗೆ ಸುರಂಗ ಕೊರೆದು ಸ್ಫೋಟಕ ತುಂಬಿತು. 1917ರ ಜೂನ್ 7ರ ನಸುಕಿನಲ್ಲಿ ಅಂಥ 19 ಸುರಂಗಗಳು ಹೆಚ್ಚುಕಡಿಮೆ ಒಟ್ಟಿಗೇ ಸಿಡಿದವು. ಆ ಗುಂಡಿಗಳಲ್ಲಿ ಕೆಲವು ಈಗ ಕೆರೆಗಳು. ಸಿಡಿಯದೆ ಉಳಿದವೂ ಇದ್ದವು. ಅಂಥದ್ದೊಂದು 1955ರಲ್ಲಿ, ಅಂದ್ರೆ ಯುದ್ಧ ಮುಗಿದು 37 ವರ್ಷ ಆದಮೇಲೆ, ಸಿಡಿಲು ಬಡಿದು ಸ್ಫೋಟಿಸಿತು.

ಈ ಪ್ರದೇಶದಲ್ಲಿ ಪ್ಲೂಗ್‌ಸ್ಟೇರ್ಟ್ ಅನ್ನೋ ಹಳ್ಳಿ ಇದೆ. ಬ್ರಿಟಿಷ್ ಸೈನಿಕರಿಗೆ ಹೆಸರು ಹೇಳೋಕೆ ನಾಲಿಗೆ ತಿರುಗಲಿಲ್ಲ, ‘ಪ್ಲಗ್‌ಸ್ಟ್ರೀಟ್’ ಅಂದುಬಿಟ್ಟರು. 1914ರ ಕ್ರಿಸ್‌ಮಸ್‌ನಲ್ಲಿ ಎರಡೂ ಕಡೆಯ ಸೈನಿಕರು ಬಂದೂಕು ಕೆಳಗಿಟ್ಟು ಕೈಕುಲುಕಿದ ಜಾಗಗಳಲ್ಲಿ ಇದೂ ಒಂದು. 2017ರಿಂದ ಗೆಂಟ್–ವೆವೆಲ್‌ಗೆಮ್ ಅನ್ನೋ ದೊಡ್ಡ ವೃತ್ತಿಪರ ರೇಸ್ ಈ ಊರಿನ ಸುತ್ತಲಿನ ಜಲ್ಲಿ ದಾರಿಗಳಲ್ಲಿ ಹಾಯ್ತಾ ಬಂತು. ಆ ದಾರಿಗಳಿಗೂ ‘ಪ್ಲಗ್‌ಸ್ಟ್ರೀಟ್ಸ್’ ಅಂತಲೇ ಹೆಸರು. ಸೈಕಲ್ ಮತ್ತು ಯುದ್ಧದ ನೆನಪು ಒಂದೇ ಪೋಸ್ಟರ್‌ನಲ್ಲಿ.

ಇದು ಹೊಸ ಮಾರ್ಕೆಟಿಂಗ್ ಐಡಿಯಾ ಅಂತ ನಿಮಗನ್ನಿಸಿದ್ರೆ, ಸ್ವಲ್ಪ ತಾಳಿ. ಇದೇ ಐಡಿಯಾ ನೂರು ವರ್ಷಕ್ಕಿಂತ ಹಳೇದು.

1918ರ ನವೆಂಬರ್ 11ಕ್ಕೆ ಗುಂಡಿನ ಸದ್ದು ನಿಂತಿತು. ಆರು ತಿಂಗಳೂ ಆಗಿರಲಿಲ್ಲ, 1919ರ ಏಪ್ರಿಲ್ 28ಕ್ಕೆ ಸ್ಟ್ರಾಸ್‌ಬರ್ಗ್‌ನಿಂದ ಒಂದು ಸೈಕಲ್ ರೇಸ್ ಶುರುವಾಯ್ತು. ಹೆಸರು ‘ಸರ್ಕ್ಯೂಯಿ ದೆ ಶಾಂ ದ ಬತಾಯ್’, ನಮ್ಮ ಮಾತಲ್ಲಿ ‘ರಣಭೂಮಿಗಳ ಸುತ್ತು’. ಲಕ್ಸೆಂಬರ್ಗ್, ಬ್ರಸೆಲ್ಸ್, ಅಮಿಯಾಂ, ಪ್ಯಾರಿಸ್, ಬಾರ್-ಲ-ದುಕ್, ಬೆಲ್‌ಫೋರ್ ಮುಟ್ಟಿ ಮತ್ತೆ ಸ್ಟ್ರಾಸ್‌ಬರ್ಗ್‌ಗೆ. 7 ಹಂತ, ಸುಮಾರು 2,000 ಕಿಲೋಮೀಟರ್. ಶಾಂತಿ ಒಪ್ಪಂದಕ್ಕೆ ಸಹಿ ಬೀಳೋಕೆ ಇನ್ನೂ ಎರಡು ತಿಂಗಳಿತ್ತು ಅನ್ನೋದು ನೆನಪಿರಲಿ. ವರ್ಸೇಲ್ಸ್‌ನಲ್ಲಿ ಸಹಿ ಆಗಿದ್ದು ಜೂನ್ 28ಕ್ಕೆ.

ರೇಸ್ ನಡೆಸಿದ್ದು ಯಾರು? ಒಂದು ಪತ್ರಿಕೆ. ಪ್ಯಾರಿಸ್‌ನ ‘ಲೆ ಪೆಟಿ ಜೂರ್ನಾಲ್’. ಬಿ.ಕಾಂ ಓದಿದವನಿಗೆ ಇಲ್ಲಿ ಲೆಕ್ಕ ಬೇಗ ಅರ್ಥ ಆಗುತ್ತೆ. ಆ ಕಾಲದಲ್ಲಿ ರೇಡಿಯೋ ಪ್ರಸಾರ ಇಲ್ಲ, ಟಿವಿ ಇಲ್ಲ. ಇವತ್ತು ಯಾರು ಗೆದ್ದರು ಅಂತ ಗೊತ್ತಾಗಬೇಕಾದ್ರೆ ನಾಳೆ ಪೇಪರ್ ಕೊಳ್ಳಬೇಕು. ಟೂರ್ ಡಿ ಫ್ರಾನ್ಸ್ ಹುಟ್ಟಿದ್ದೂ ಹೀಗೇ, 1903ರಲ್ಲಿ ‘ಲೋತೋ’ ಪತ್ರಿಕೆಯ ಮಾರಾಟ ಹೆಚ್ಚಿಸೋಕೆ. ಅದರ ಜೊತೆಗೆ ಒಂದು ಭಾವನೆಯೂ ಇತ್ತು. ಜರ್ಮನಿಯ ಕೈಯಿಂದ ವಾಪಸ್ ಬಂದ ಸ್ಟ್ರಾಸ್‌ಬರ್ಗ್‌ನಲ್ಲಿ ರೇಸ್ ಶುರು ಮಾಡೋದು ಅಂದ್ರೆ, ‘ಈ ನೆಲ ನಮ್ಮದು’ ಅಂತ ಡಂಗುರ ಹೊಡೆದ ಹಾಗೆ.

ಹೊರಟವರು 80ಕ್ಕೂ ಹೆಚ್ಚು ಮಂದಿ. ಬಹಳಷ್ಟು ಜನ ಕೆಲವೇ ತಿಂಗಳ ಹಿಂದೆ ಸಮವಸ್ತ್ರದಲ್ಲಿದ್ದವರು. ಕಳೆದುಕೊಂಡ ಗೆಳೆಯರೂ ಕಮ್ಮಿ ಇರಲಿಲ್ಲ. ಟೂರ್ ಡಿ ಫ್ರಾನ್ಸ್ ಗೆದ್ದ ಮೂವರು, ಫ್ರಾನ್ಸ್ವಾ ಫಾಬೆರ್, ಒಕ್ತಾವ್ ಲಾಪಿಜ್, ಲೂಸಿಯಾಂ ಪೆಟಿ-ಬ್ರೆತಾಂ, ಈ ಯುದ್ಧದಲ್ಲೇ ತೀರಿಹೋಗಿದ್ದರು.

ಮೇ 2ರಂದು ಮೂರನೇ ಹಂತ. ಬ್ರಸೆಲ್ಸ್‌ನಿಂದ ಈಪ್ರ್ ಮೇಲೆ ಹಾದು ಫ್ರಾನ್ಸ್‌ನ ಅಮಿಯಾಂಗೆ, 300 ಕಿಲೋಮೀಟರ್‌ಗೂ ಮಿಕ್ಕಿ. ಮಳೆ, ಹಿಮ, ಎದುರುಗಾಳಿ. ಗೇರ್ ಬದಲಿಸೋ ಡಿರೇಲರ್ ಟೂರ್ ಡಿ ಫ್ರಾನ್ಸ್‌ಗೇ ಬಂದಿದ್ದು 1937ರಲ್ಲಿ. ಇವರ ಭಾರದ ಸೈಕಲ್‌ನಲ್ಲಿ ಆ ಸೌಕರ್ಯ ಎಲ್ಲಿಂದ ಬರಬೇಕು? ದಾರಿ ಅಂತ ನಕ್ಷೆಯಲ್ಲಿ ಇದ್ದದ್ದು ನೆಲದ ಮೇಲೆ ಶೆಲ್ ಬಿದ್ದ ಗುಂಡಿಗಳ ಸಾಲು. ದಾರಿಬದಿಯಲ್ಲಿ ಚಹಾ ಅಂಗಡಿ ಬಿಡಿ, ಊರೇ ಇಲ್ಲ. ಕತ್ತಲಾದ ಮೇಲೆ ಕೆಲವರು ಹಳೇ ಕಂದಕಗಳಿಗಿಳಿದು ರಾತ್ರಿ ಕಳೆದರು. ಗೆದ್ದ ಬೆಲ್ಜಿಯಂನ ಶಾರ್ಲ್ ಡೆರೂಟರ್ ಅಮಿಯಾಂ ಮುಟ್ಟೋಕೆ 18 ಗಂಟೆಗಿಂತ ಹೆಚ್ಚು ಹಿಡೀತು. ಹಲವರು ಬಂದು ಸೇರಿದ್ದು ಮರುದಿನ. ಇಡೀ ರೇಸ್ ಗೆದ್ದದ್ದೂ ಡೆರೂಟರೇ. ಕೊನೆ ಮುಟ್ಟಿದವರು 21 ಜನ ಮಾತ್ರ.

ಸೈಕ್ಲಿಂಗ್ ಇತಿಹಾಸದ ಅತಿ ಕಠಿಣ ರೇಸ್ ಅಂತ ಇದನ್ನ ಇವತ್ತು ಕೊಂಡಾಡ್ತಾರೆ. ಸರಿ, ಆ 21 ಜನಕ್ಕೆ ಸಲಾಂ. ಆದ್ರೆ ನನಗೆ ಕಾಡೋದು ಬೇರೆ ಪ್ರಶ್ನೆ. ಕೆಟ್ಟದೋ ಒಳ್ಳೇದೋ, ಸೈಕಲ್ ಚಕ್ರ ಉರುಳೋವಷ್ಟಾದ್ರೂ ದಾರಿ ಇತ್ತಲ್ಲ. ನಾಲ್ಕು ವರ್ಷ ಶೆಲ್ ಸುರಿದ ನೆಲದಲ್ಲಿ ಆ ದಾರಿ ಮಾಡಿದ್ದು ಯಾರು?

ರೇಸ್ ನಡೆದ ವಸಂತದಲ್ಲಿ ಈ ಪ್ರದೇಶದಲ್ಲಿ ಗುಂಡಿ ಮುಚ್ಚುತ್ತಾ, ಮುಳ್ಳುತಂತಿ ಸುತ್ತುತ್ತಾ, ಸಿಡಿಯದ ಶೆಲ್ ಎತ್ತುತ್ತಾ ಇದ್ದವರಲ್ಲಿ ಜರ್ಮನ್ ಯುದ್ಧಕೈದಿಗಳಿದ್ದರು. ಮನೆಮಠ ಕಳಕೊಂಡು ವಾಪಸ್ ಬಂದ ರೈತರಿದ್ದರು. ಜೊತೆಗೆ ಚೀನಾದಿಂದ ಬಂದ ಕೂಲಿಗಳು. ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಸುಮಾರು 1,40,000 ಚೀನೀ ಕಾರ್ಮಿಕರನ್ನ ಕರಾರಿನ ಮೇಲೆ ತಂದಿದ್ದವು, ಹೆಚ್ಚಿನವರು ಶಾನ್‌ಡಾಂಗ್ ಪ್ರಾಂತ್ಯದ ಹಳ್ಳಿಗರು. ಬ್ರಿಟಿಷರ ಕೈಕೆಳಗಿದ್ದವರಿಗೆ ದಿನಕ್ಕೆ 1 ಫ್ರಾಂಕ್ ಕೂಲಿ. ಸೈನಿಕರು ಮನೆಗೆ ಹೊರಟ ಮೇಲೂ ಅವರಲ್ಲಿ ಸಾವಿರಾರು ಮಂದಿ ಇಲ್ಲೇ ಉಳಿದು ಕಸ ಬಳಿದರು, ಹೆಣ ಹೂತರು, ರಸ್ತೆ ಮಾಡಿದರು. ಇಲ್ಲೇ ಸತ್ತವರೂ ಬಹಳ. ಅವರ ಎಷ್ಟೋ ಸಮಾಧಿಕಲ್ಲುಗಳ ಮೇಲೆ ಹೆಸರಿನ ಜೊತೆ ಕೂಲಿಯ ನಂಬರ್ ಕೂಡ ಕೆತ್ತಿದ್ದಾರೆ.

ಭಾರತದಿಂದಲೂ ಕಾರ್ಮಿಕ ದಳಗಳು 1917ರಲ್ಲಿ ಫ್ರಾನ್ಸ್‌ಗೆ ಹೋಗಿದ್ದವು. ನಾಗಾ, ಖಾಸಿ, ಸಂತಾಲ್ ಸಮುದಾಯಗಳ ಸಾವಿರಾರು ಜನ ಮರ ಕಡಿದರು, ಸಾಮಾನು ಹೊತ್ತರು, ರಸ್ತೆ ಹಾಕಿದರು. ಅವರಿಗಿಂತ ಮುಂಚೆ, 1914ರ ಅಕ್ಟೋಬರ್‌ನಲ್ಲೇ, ಭಾರತೀಯ ಸೈನಿಕರು ಈಪ್ರ್ ಹತ್ತಿರ ಕಾದಿದ್ದರು. ಪ್ಲೂಗ್‌ಸ್ಟೇರ್ಟ್‌ಗೆ ದೂರವಲ್ಲದ ಹೊಲೆಬೇಕೆ ಹಳ್ಳಿಯಲ್ಲಿ ಅಕ್ಟೋಬರ್ 31ರಂದು ಸಿಪಾಯಿ ಖುದಾದಾದ್ ಖಾನ್, ಜೊತೆಗಾರರೆಲ್ಲ ಸತ್ತಮೇಲೂ ಮೆಷಿನ್‌ಗನ್ ಬಿಡಲಿಲ್ಲ. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ ಇವರೇ. ಈಪ್ರ್‌ನ ಮೆನಿನ್ ಗೇಟ್ ಮೇಲೆ, ದೇಹ ಸಿಗದ 54,000ಕ್ಕೂ ಹೆಚ್ಚು ಜನರ ಹೆಸರಿವೆ. ಅದರಲ್ಲಿ 400ಕ್ಕೂ ಹೆಚ್ಚು ಭಾರತೀಯರವು.

ನಮ್ಮ ಮೈಸೂರು ಲ್ಯಾನ್ಸರ್ಸ್ ಇಲ್ಲಿದ್ರಾ ಅಂತ ಕೇಳಬಹುದು. ಇಲ್ಲ, ಅವರು ಹೋಗಿದ್ದು ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಕಡೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದವರಲ್ಲಿ ಅವರಿದ್ದರು. ಆದ್ರೆ ನಮ್ಮೂರಿನ ಹೆಸರು ಈ ಕೆಸರಿಗೂ ಬಂದಿದೆ, ಹೆಮ್ಮೆ ಪಡಬೇಕೋ ಬೇಡವೋ ಗೊತ್ತಾಗದ ರೀತಿಯಲ್ಲಿ. ಮುಳ್ಳುತಂತಿ ಸೀಳೋಕೆ ಸ್ಫೋಟಕ ತುಂಬಿ ತಳ್ಳೋ ಉದ್ದನೆ ಕೊಳವೆಯ ಹೆಸರು ‘ಬೆಂಗಳೂರು ಟಾರ್ಪಿಡೋ’. 1912ರಲ್ಲಿ ಬೆಂಗಳೂರಿನ ಸ್ಯಾಪರ್ಸ್ ದಂಡಿನಲ್ಲಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ರೂಪಿಸಿದ್ದು. ಪಶ್ಚಿಮ ರಣರಂಗದ ಕಂದಕಗಳಲ್ಲಿ ಅದನ್ನ ಬಳಸಿದರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಲ್ಲಿ ಸೈಕಲ್ ಹೊಡೆಯೋದು ತಪ್ಪಾ? ನನಗನ್ನಿಸೋದು, ತಪ್ಪಲ್ಲ. ಟೂರಿಸ್ಟ್ ಬಸ್ ನಿಮ್ಮನ್ನ ದೊಡ್ಡ ಸ್ಮಾರಕದ ಮುಂದೆ ಇಳಿಸಿ, ಫೋಟೋ ತೆಗೆಸಿ, ಮುಂದಕ್ಕೆ ಒಯ್ಯುತ್ತೆ. ಜಲ್ಲಿ ದಾರಿಯಲ್ಲಿ ಸೈಕಲ್ ನಿಧಾನ. ಒಂದು ಸ್ಮಶಾನದಿಂದ ಇನ್ನೊಂದಕ್ಕೆ ಎಷ್ಟು ಹತ್ತಿರ ಅನ್ನೋದು ಕಾಲಿಗೆ ಗೊತ್ತಾಗುತ್ತೆ. ನಾಲ್ಕು ತಿಂಗಳು ಕಾದಾಡಿ ಗೆದ್ದ ನೆಲ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತೆ. ಅಂಕಿಸಂಖ್ಯೆ ಓದಿದ್ರೆ ಈ ನಾಚಿಕೆ ಅರ್ಥ ಆಗಲ್ಲ.

ತಪ್ಪಾಗೋದು ದಾರಿ ತಾನಾಗೇ ಇತ್ತು ಅಂದುಕೊಂಡಾಗ. ಆ ನೆಲ ಇನ್ನೂ ಶುದ್ಧ ಆಗಿಲ್ಲ. ಅಲ್ಲಿನ ರೈತರು ಪ್ರತಿ ವರ್ಷ ಉಳುವಾಗ ಶೆಲ್ ಸಿಗುತ್ತೆ. ಅದನ್ನ ದಾರಿಬದಿಯ ಕಂಬದ ಬುಡದಲ್ಲಿಡ್ತಾರೆ, ಬೆಲ್ಜಿಯಂ ಸೇನೆಯ ಬಾಂಬ್ ನಿಷ್ಕ್ರಿಯ ದಳ ಬಂದು ಒಯ್ಯುತ್ತೆ. ‘ಕಬ್ಬಿಣದ ಫಸಲು’ ಅಂತ ಅದಕ್ಕೆ ಹೆಸರು. 2014ರಲ್ಲಿ, ಯುದ್ಧ ಶುರುವಾಗಿ ನೂರು ವರ್ಷ ತುಂಬಿದ ವರ್ಷವೇ, ಈಪ್ರ್‌ನಲ್ಲಿ ಕಟ್ಟಡ ಕೆಲಸ ಮಾಡ್ತಿದ್ದ ಇಬ್ಬರು ಅಂಥ ಶೆಲ್ ಸಿಡಿದು ಸತ್ತರು. ಅಲ್ಲಿ ಈಗಲೂ ಮೊದಲು ಅಪಾಯಕ್ಕೆ ಕೈ ಹಾಕೋರು ನೆಲ ಅಗೆಯೋ ಕೆಲಸದವರೇ.

ಯಾವತ್ತಾದ್ರೂ ನೀವು ಆ ಕಡೆ ಹೋದ್ರೆ, ಬಾಡಿಗೆ ಸೈಕಲ್ ತಗೊಂಡು ಕೆಮ್ಮೆಲ್‌ಬರ್ಗ್ ಹತ್ತಿ, ಪ್ಲಗ್‌ಸ್ಟ್ರೀಟ್‌ನಲ್ಲಿ ಧೂಳೆಬ್ಬಿಸಿ. ದಾರಿಬದಿಯ ತುಕ್ಕು ಹಿಡಿದ ಕಬ್ಬಿಣ ಮಾತ್ರ ಮುಟ್ಟಬೇಡಿ. ರಾತ್ರಿ 8 ಗಂಟೆಗೆ ಮೆನಿನ್ ಗೇಟ್ ಕೆಳಗೆ ಕಹಳೆ ಊದ್ತಾರೆ, ಕೇಳಿ. ಹಾಗೇ ಅಲ್ಲಿಂದ ಸ್ವಲ್ಪ ದೂರದ ಪೊಪೆರಿಂಗೆ ಕಡೆಗೂ ಪೆಡಲ್ ತುಳೀರಿ. ಅಲ್ಲಿನ ಲೈಸೆನ್‌ಹೋಕ್ ಸ್ಮಶಾನದಲ್ಲಿ ಚೀನೀ ಕಾರ್ಮಿಕರ ಸಮಾಧಿಗಳೂ ಇವೆ. ರೇಸ್ ಗೆದ್ದವನ ಹೆಸರು ಈಗ ನಿಮಗೆ ಗೊತ್ತು. ಗುಂಡಿ ಮುಚ್ಚಿದವರದ್ದು ಒಂದಾದ್ರೂ ಓದಿ ಬನ್ನಿ.

ಇವತ್ತಿಗೆ ಇಷ್ಟು. ನಿಮ್ಮೂರಿನ ಯಾವುದಾದ್ರೂ ಹಳೇ ರಸ್ತೆ ಯಾರು ಹಾಕಿದ್ದು ಅಂತ ಮನೆಯ ಹಿರಿಯರನ್ನ ಕೇಳಿ ನೋಡಿ, ಉತ್ತರ ಸಿಕ್ಕಿದ್ರೆ ವಾಯ್ಸ್ ನೋಟ್ ಕಳಿಸಿ. ಮತ್ತೆ ಸಿಗೋಣ.