ಉಮೇದುವಾರರು

“ಅನುಭವವುಳ್ಳವರು ಮಾತ್ರ ಅರ್ಜಿ ಹಾಕತಕ್ಕದ್ದು” ಎಂಬ ಒಕ್ಕಣೆಯನ್ನು ನೌಕರಿಯ ಜಾಹೀರಾತುಗಳಲ್ಲಿ ನಾವು ನಿತ್ಯವೂ ಓದುತ್ತಿರುತ್ತೇವೆ. ಕೆಲಸ ದೊರೆಯದೆ ಅನುಭವ ಬಾರದು, ಅನುಭವವಿಲ್ಲದೆ ಕೆಲಸ ದೊರೆಯದು. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಈ ಬಗೆಯ ಸಂಕಟವನ್ನು ಚೆನ್ನಾಗಿ ಬಲ್ಲವರೇ ಆಗಿದ್ದರು. ತಾಳವಾಡಿಯ ಬೆಟ್ಟದ ಶಾಲೆಗಳಲ್ಲಿ ಕನ್ನಡದಲ್ಲಿ ಓದಿ ಹತ್ತನೆಯ ತರಗತಿಯನ್ನು ಮುಗಿಸಿದ ಹುಡುಗನು ಚಾಮರಾಜನಗರಕ್ಕೆ ಹೋದರೂ, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಸತ್ಯಮಂಗಲದ ಕಡೆಗೆ ಹೋದರೂ ಮೊದಲು ಎದುರಿಸುವ ಪ್ರಶ್ನೆ ಇದೇ. ಇದನ್ನು ಈ ಕಾಲದ ಕೇಡೆಂದು ಹಲವರು ಭಾವಿಸಿದ್ದಾರೆ. ಹಾಗಲ್ಲ, ಇದಕ್ಕೆ ಇನ್ನೂರು ವರ್ಷಗಳ ಚರಿತ್ರೆಯುಂಟು, ಮತ್ತು ಆ ಚರಿತ್ರೆಯ ಒಂದು ಭಾಗ ನಮ್ಮ ಸೀಮೆಯದೇ ಆಗಿದೆ.

ಇಂದು ಚುನಾವಣೆಗೆ ನಿಂತವರನ್ನು ನಾವು ಉಮೇದುವಾರರೆಂದು ಕರೆಯುತ್ತೇವೆ. ಪಾರಸೀ ಮೂಲದಿಂದ ಬಂದ ಈ ಶಬ್ದಕ್ಕೆ ಆಸೆಯುಳ್ಳವನು ಎಂದರ್ಥ. ಆದರೆ ಕಂಪನಿ ಸರ್ಕಾರದ ಕಾಲದ ಕಚೇರಿಗಳಲ್ಲಿ ಉಮೇದುವಾರನೆಂದರೆ ಸಂಬಳವಿಲ್ಲದೆ ದುಡಿಯುತ್ತ, ಎಂದಾದರೊಂದು ದಿನ ಸ್ಥಾನ ತೆರವಾದೀತೆಂದು ಕಾದು ಕುಳಿತ ತರುಣ. ನಮ್ಮ ಬೆಟ್ಟವೂ ಸೇರಿದ್ದ ಕೊಯಮತ್ತೂರು ಜಿಲ್ಲೆಯೊಳಗೊಂಡು ಮದರಾಸು ಪ್ರಾಂತ್ಯದಲ್ಲೆಲ್ಲ ಈ ಪದ್ಧತಿ ಬಳಕೆಯಲ್ಲಿತ್ತು. ಮೈಸೂರು ಸೀಮೆಯ ಕಚೇರಿಗಳೂ ಇದಕ್ಕೆ ಹೊರತಾಗಿರಲಿಲ್ಲ. ಉಮೇದುವಾರನು ಗುಮಾಸ್ತನೊಬ್ಬನ ಪಕ್ಕದಲ್ಲಿ ಕುಳಿತು ಕಾಗದಗಳ ನಕಲು ಮಾಡುವನು, ಲೆಕ್ಕ ಕೂಡುವನು, ಅರ್ಜಿಗಳನ್ನು ಓದಿ ಹೇಳುವನು, ದಫ್ತರ ಕಟ್ಟುವನು. ಹೀಗೆ ವರ್ಷಗಳು ಕಳೆಯುವುವು. ಕೊನೆಗೆ ಒಬ್ಬ ಗುಮಾಸ್ತನು ತೀರಿಕೊಂಡರೆ ಅಥವಾ ಬಡ್ತಿ ಪಡೆದರೆ, ಕೆಲಸ ತಿಳಿದವನೆಂಬ ಕಾರಣದಿಂದ ಆ ಸ್ಥಾನ ಇವನಿಗೆ ಲಭಿಸುವುದು.

ಇದು ಕಲಿಕೆಯ ದೃಷ್ಟಿಯಿಂದ ಕೆಟ್ಟ ಪದ್ಧತಿಯೇನೂ ಅಲ್ಲ. ಆದರೆ ಆ ವರ್ಷಗಳಲ್ಲಿ ಅವನಿಗೆ ಅನ್ನ ಹಾಕಿದವರಾರು? ಅವನ ಮನೆಯವರು. ಬೆಳೆದ ಮಗನ ದುಡಿಮೆಯಿಲ್ಲದೆಯೂ ಒಲೆ ಉರಿಯುವಂಥ ಮನೆಯವನು ಮಾತ್ರ ಉಮೇದುವಾರನಾಗಬಲ್ಲವನಾಗಿದ್ದನು. ಅಲ್ಲದೆ ಕಚೇರಿಯೊಳಗೆ ಕುಳಿತುಕೊಳ್ಳಲು ಅಪ್ಪಣೆ ಕೊಡಿಸುವ ಸೋದರಮಾವನೋ ದೊಡ್ಡಪ್ಪನೋ ಅಲ್ಲಿರಬೇಕಾಗಿತ್ತು. ಒಂದೇ ಕಚೇರಿಯಲ್ಲಿ ಒಂದೇ ಮನೆತನದವರು ತುಂಬಿಕೊಂಡದ್ದಕ್ಕೆ ಇದೊಂದು ಮುಖ್ಯ ಕಾರಣ. ಊರಿನ ಶಾನುಭೋಗಿಕೆಯೂ ಹೀಗೆಯೇ ತಂದೆಯ ಪಕ್ಕದಲ್ಲಿ ಕುಳಿತು ಮಗನು ಕಲಿತದ್ದು. ವಂಶಪಾರಂಪರ್ಯವಾದ ಆ ಗ್ರಾಮಾಧಿಕಾರಗಳು ತಮಿಳುನಾಡಿನಲ್ಲಿ ರದ್ದಾದದ್ದು 1980ರಲ್ಲಿ. ಉಳುವವನ ಮಗನಿಗೆ ಬುದ್ಧಿ ಸಾಲದೆ ಹೋಯಿತೆಂದಲ್ಲ, ಕಾಯಲು ಅವನಿಗೆ ಬಿಡುವಿರಲಿಲ್ಲ.

ಅದೇ ಕಾಲದಲ್ಲಿ, ಅದೇ ಪ್ರಾಂತ್ಯದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ವಾಚಕರು ಇದರೊಡನೆ ಇಟ್ಟು ನೋಡಬೇಕು. 1812ರಲ್ಲಿ ಎಫ್. ಡಬ್ಲ್ಯೂ. ಎಲ್ಲಿಸ್ ಎಂಬ ಅಧಿಕಾರಿಯ ಪ್ರಯತ್ನದಿಂದ ಮದರಾಸಿನಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಸ್ಥಾಪಿತವಾಯಿತು. ಇಂಗ್ಲೆಂಡಿನಿಂದ ಹೊಸದಾಗಿ ಬಂದಿಳಿದ ಎಳೆಯ ಸಿವಿಲ್ ಅಧಿಕಾರಿಗಳಿಗೆ ತಮಿಳು, ತೆಲುಗು, ಕನ್ನಡ ಮೊದಲಾದ ಭಾಷೆಗಳನ್ನು ಕಲಿಸುವುದು ಅದರ ಉದ್ದೇಶ. ಅವರಿಗೆ ಈ ದೇಶದ ಕಂದಾಯದ ಅನುಭವವಿರಲಿಲ್ಲ, ಜನರ ಮಾತೂ ತಿಳಿದಿರಲಿಲ್ಲ. ಆದರೂ ಕಲಿಯುವ ಕಾಲದಲ್ಲಿಯೇ ಅವರಿಗೆ ಸಂಬಳವಿತ್ತು. ಭಾಷೆಯಲ್ಲಿ ಪ್ರಗತಿ ತೋರಿಸಿದವರಿಗೆ ಅದು ಹೆಚ್ಚುತ್ತಲೂ ಇತ್ತು. ಜಾನ್ ಮೆಕೆರೆಲ್ ಎಂಬ ಸಿವಿಲ್ ಅಧಿಕಾರಿ ರಚಿಸಿದ ಕನ್ನಡ ವ್ಯಾಕರಣವು 1820ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಕನ್ನಡಕ್ಕೆ ಇದರಿಂದ ಆದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊರಗಿನ ತರುಣನು ಕನ್ನಡದ ಅಕ್ಷರಗಳನ್ನು ತಿದ್ದುವುದಕ್ಕೆ ಸಂಬಳ ಪಡೆಯುತ್ತಿದ್ದಾಗ, ಕನ್ನಡವನ್ನು ಮೊಲೆಹಾಲಿನೊಡನೆ ಕಲಿತ ತರುಣನು ಕಲೆಕ್ಟರರ ಕಚೇರಿಯ ಮೂಲೆಯಲ್ಲಿ ಬಿಟ್ಟಿ ಬರೆಯುತ್ತ ಕುಳಿತಿದ್ದನು. ಮೇಲಿನ ಹುದ್ದೆಗೆ ಅನುಭವ ಬೇಕಾಗಿರಲಿಲ್ಲ. ಕಟ್ಟಕಡೆಯ ಹುದ್ದೆಗೆ ಬೇಕಾಗಿತ್ತು! ಕಲಿಕೆಯ ಕಾಲದ ವೆಚ್ಚವನ್ನು ಒಂದು ಕಡೆ ಸರ್ಕಾರವು ಹೊತ್ತಿತು, ಇನ್ನೊಂದು ಕಡೆ ಬಡ ತಾಯಿತಂದೆಗಳು ಹೊತ್ತರು. ವ್ಯತ್ಯಾಸವಿದ್ದದ್ದು ಇಷ್ಟೇ.

ಮುಂದೆ ಸರ್ ಥಾಮಸ್ ಮನ್ರೋ ಅವರು 1826ರಲ್ಲಿ ಜಿಲ್ಲೆ ತಾಲ್ಲೂಕುಗಳಲ್ಲಿ ಶಾಲೆಗಳನ್ನು ತೆರೆಯುವ ಸಲಹೆ ಮಾಡಿದ್ದು, 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಹುಟ್ಟಿದ್ದು, ಮೆಟ್ರಿಕ್ಯುಲೇಷನ್ ಪರೀಕ್ಷೆಯು ಸರ್ಕಾರಿ ನೌಕರಿಗೆ ಹೆದ್ದಾರಿಯಾದದ್ದು ಪಠ್ಯಪುಸ್ತಕಗಳಲ್ಲಿರುವ ವಿಷಯ. ಸೋದರಮಾವನ ಶಿಫಾರಸಿನ ಪಕ್ಕದಲ್ಲಿ ಸರ್ಟಿಫಿಕೇಟು ಬಂದು ನಿಂತಿತು. ಉಮೇದುವಾರಿಕೆಯು ಮಾತ್ರ ಒಮ್ಮೆಗೇ ತೊಲಗಲಿಲ್ಲ.

ಉಪಾಧ್ಯಾಯ ವೃತ್ತಿಯಲ್ಲಿ ಈ ಗಂಟು ಬೇರೆ ರೀತಿಯಲ್ಲಿ ಬಿಚ್ಚಿಕೊಂಡಿತೆಂಬುದು ನಮಗೆ ಸಂತೋಷದ ವಿಷಯ. ಹಿಂದಿನ ಜಗಲಿ ಶಾಲೆಗಳಲ್ಲಿ ಹಿರಿಯ ಹುಡುಗರು ಕಿರಿಯರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ಇದನ್ನು ಕಂಡು ತನ್ನ ಶಾಲೆಯಲ್ಲಿ ಅಳವಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಅದು ಮದರಾಸು ಪದ್ಧತಿ ಎಂಬ ಹೆಸರಿನಿಂದಲೇ ಹೊರದೇಶಗಳಿಗೆ ಹಬ್ಬಿತು. ಹುಡುಗನು ಕಲಿಯುತ್ತಿರುವಾಗಲೇ ಕಲಿಸಿದ ಅನುಭವವನ್ನೂ ಪಡೆಯುತ್ತಿದ್ದನು. 1854ರ ವುಡ್ ಅವರ ವಿದ್ಯಾಭ್ಯಾಸದ ನಿರೂಪವು ಉಪಾಧ್ಯಾಯರ ತರಬೇತಿ ಶಾಲೆಗಳನ್ನು ತೆರೆಯಬೇಕೆಂದೂ, ಕಲಿಯುತ್ತ ಕಲಿಸುವ ವಿದ್ಯಾರ್ಥಿಗಳಿಗೆ ವೇತನ ಕೊಡಬೇಕೆಂದೂ ಹೇಳಿತು. ನಾವು ತರಬೇತಿಯ ಕಾಲದಲ್ಲಿ ಅಭ್ಯಾಸಪಾಠಗಳನ್ನು ಮಾಡಿ ಬಂದವರು. ನಮ್ಮ ಸರ್ಟಿಫಿಕೇಟಿನೊಳಗೇ ಒಂದಿಷ್ಟು ಅನುಭವವು ಸೇರಿಕೊಂಡಿದೆ. ಇತರ ವೃತ್ತಿಗಳ ಹುಡುಗರಿಗೆ ಈ ಭಾಗ್ಯ ಬಹುಕಾಲ ದೊರೆಯಲಿಲ್ಲ.

ಸರ್ಕಾರದ ನೆರವಿಲ್ಲದೆ, ಕಲಿಯುವ ಹುಡುಗನಿಗೆ ಅನ್ನ ಹಾಕಿ ಕೆಲಸ ಕಲಿಸಿದ ಒಂದು ಸಂಸ್ಥೆಯು ಕನ್ನಡನಾಡಿನಲ್ಲಿತ್ತು. ಅದೇ ನಾಟಕ ಕಂಪನಿ. ಇದರ ಉದಾಹರಣೆಗಾಗಿ ನಾವು ನಮ್ಮ ಊರನ್ನು ಬಿಟ್ಟು ಹೋಗಬೇಕಾಗಿಲ್ಲ. 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಜನಿಸಿದ ಮುತ್ತುರಾಜನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯ ಹೆಸರಾಂತ ನಟರು. ಹುಡುಗನ ಶಾಲೆಯ ಓದು ಎಳೆಯ ವಯಸ್ಸಿಗೇ ನಿಂತುಹೋಯಿತು. ಅವನು ತಂದೆಯೊಡನೆ ಕಂಪನಿಯನ್ನು ಸೇರಿದನು. ಕಂಪನಿಗಳಲ್ಲಿ ಹುಡುಗರನ್ನು ಮೊದಲು ಪ್ರಾರ್ಥನೆಯ ಮೇಳದಲ್ಲಿ ನಿಲ್ಲಿಸುವರು, ಬಾಲಪಾತ್ರ ಕೊಡುವರು, ಅನಂತರ ಎರಡು ಮಾತಿನ ಸೇವಕನ ಪಾತ್ರ. ಹಗಲು ಸಂಗೀತದ ಪಾಠ, ರಾತ್ರಿ ಪರದೆಯ ಮರೆಯಿಂದ ದೊಡ್ಡವರ ಆಟವನ್ನು ನೋಡುವುದು. ಊಟ ಕಂಪನಿಯ ಅಡುಗೆಮನೆಯಲ್ಲಿ. ವೀರಣ್ಣನವರೂ ಬಾಲಕರಾಗಿಯೇ ಕಂಪನಿಯನ್ನು ಸೇರಿ, ಮುಂದೆ ಅದರ ಒಡೆಯರಾದವರು.

ನಾವು ಕಂಪನಿಯ ಬಾಳನ್ನು ಸ್ವರ್ಗವೆಂದು ಬಣ್ಣಿಸಹೊರಟಿಲ್ಲ. ಅಲ್ಲಿ ಸಂಬಳ ಅಲ್ಪ, ಅಲೆದಾಟ ಬಹಳ. ಮಕ್ಕಳಿಗೆ ಶಾಲೆಯು ತಪ್ಪಿದ್ದನ್ನು ಉಪಾಧ್ಯಾಯರಾದ ನಾವು ಮೆಚ್ಚಲಾರೆವು. ಮುತ್ತುರಾಜನಿಗೂ ಬಾಗಿಲು ತೆರೆದದ್ದು ತಂದೆಯ ಕೈಯೇ ಎಂಬುದನ್ನು ಮರೆಯಲಾಗದು. ಆದರೆ ಒಳಗೆ ಬಂದವನನ್ನು “ನಿನಗೆ ಅನುಭವವುಂಟೆ?” ಎಂದು ಕಂಪನಿಯು ಕೇಳಲಿಲ್ಲ. 1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ‘ಬೇಡರ ಕಣ್ಣಪ್ಪ’ ಚಿತ್ರದ ನಾಯಕನನ್ನಾಗಿ ಈ ತರುಣನನ್ನು ಆರಿಸಿ ರಾಜಕುಮಾರನೆಂದು ಹೆಸರಿಟ್ಟಾಗ, ಚಲನಚಿತ್ರದಲ್ಲಿ ಅವನು ನಾಯಕನಾಗಿ ನಟಿಸಿದವನಲ್ಲ. ಸಣ್ಣಪುಟ್ಟ ಪಾತ್ರಗಳಲ್ಲಿ ಮುಖ ತೋರಿಸಿದ್ದನಷ್ಟೆ. ಅವನ ಬೆನ್ನಿಗಿದ್ದದ್ದು ರಂಗಭೂಮಿಯ ವರ್ಷಗಳು. 1995ರ ಫಾಲ್ಕೆ ಪ್ರಶಸ್ತಿಯವರೆಗಿನ ಕಥೆಯನ್ನು ನಮ್ಮ ಊರಿನ ಮಕ್ಕಳಿಗೆ ಹೇಳಬೇಕಾಗಿಲ್ಲ.

ನಾಟಕ ಕಂಪನಿಗಳ ಕಾಲ ಕಳೆಯಿತು. ಕಲಿಯುವವನಿಗೆ ಕೆಲಸ ಕೊಟ್ಟವನೇ ವೇತನ ಕೊಡಬೇಕೆಂಬ ನಿಯಮವನ್ನು ಭಾರತ ಸರ್ಕಾರವು 1961ರ ಅಪ್ರೆಂಟಿಸ್ ಕಾಯಿದೆಯಲ್ಲಿ ಬರೆದಿಟ್ಟಿತು. 2019ರ ತಿದ್ದುಪಡಿ ನಿಯಮಗಳಂತೆ 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ತಮ್ಮ ನೌಕರರ ಸಂಖ್ಯೆಯ ನೂರಕ್ಕೆ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಐದರಿಂದ ಒಂಬತ್ತನೆಯ ತರಗತಿಯವರೆಗೆ ಓದಿದವನಿಗೂ ತಿಂಗಳಿಗೆ ಕನಿಷ್ಠ 5,000 ರೂಪಾಯಿ, ಪದವೀಧರನಿಗೆ 9,000 ರೂಪಾಯಿ ಎಂದು ಆಗ ಗೊತ್ತುಮಾಡಲಾಯಿತು. ಘಟ್ಟದ ಕೆಳಗಿನ ಗಿರಣಿಗಳಿಗೂ ಚಾಮರಾಜನಗರದ ಕಡೆಯ ಕಾರ್ಖಾನೆಗಳಿಗೂ ನಮ್ಮ ಹುಡುಗರು ಅರ್ಜಿ ಹಿಡಿದು ಹೋಗುವಾಗ, ಅನುಭವದ ಅಂಕಣವನ್ನು ಖಾಲಿ ಬಿಟ್ಟು ತಲೆ ತಗ್ಗಿಸಿ ನಿಲ್ಲುವ ಮೊದಲು, “ಇಲ್ಲಿ ಅಪ್ರೆಂಟಿಸರನ್ನು ತೆಗೆದುಕೊಳ್ಳುತ್ತೀರಾ?” ಎಂದು ಕೇಳಬಹುದು. ತರಬೇತಿ ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಸರ್ಟಿಫಿಕೇಟು ಕೊಡುವ ಏರ್ಪಾಡೂ ಈ ಕಾಯಿದೆಯಲ್ಲಿದೆ. ಮುಂದಿನ ಅರ್ಜಿಯ ಆ ಅಂಕಣದಲ್ಲಿ ಬರೆಯುವುದಕ್ಕೆ ಅದು ಸಾಕು.